ಓದುಗರ ಪ್ರಶ್ನೆ: ಒಂದೇ ಕಥೆಯನ್ನು ಮೂರು ಸಲ ಬರೆದ ಮನುಷ್ಯ

ಪ್ರಶ್ನೆ: ಹುಡುಗನಿದ್ದಾಗ ಹುಬ್ಬಳ್ಳಿಗೆ ಹೋಗಿ ಕುದುರೆ-ಬಂದೂಕಿನ ಇಂಗ್ಲಿಷ್ ಸಿನಿಮಾ ನೋಡಿ ಬರುತ್ತಿದ್ದೆ. ಈಗ ಮಗ ಮನೆಯ ಟೀವಿಯಲ್ಲೇ ಹಾಕಿಕೊಡುತ್ತಾನೆ. 'ಸೆವೆನ್ ಮೆನ್ ಫ್ರಮ್ ನೌ', 'ರೈಡ್ ಲೋನ್‌ಸಮ್', 'ಕಮಾಂಚಿ ಸ್ಟೇಷನ್' ನೋಡಿದೆ. ಮೂರಕ್ಕೂ ಹೀರೋ ರಾಂಡಾಲ್ಫ್ ಸ್ಕಾಟ್, ಬರೆದವರು ಬರ್ಟ್ ಕೆನಡಿ. ಮೂರರಲ್ಲೂ ಹೆಂಡತಿಯನ್ನು ಕಳೆದುಕೊಂಡ ಗಂಡಸು, ಜೊತೆಗೊಬ್ಬ ಮಾತುಗಾರ ಕಳ್ಳ. ತಮ್ಮದನ್ನೇ ತಾವು ಕಾಪಿ ಹೊಡೆದರಾ?
– ಬೆಟಗೇರಿಯ ಓದುಗರು

ಉತ್ತರ: ಹೊಡೆದಿದ್ದಾರೆ, ಅದೂ ರಾಜಾರೋಷವಾಗಿ! 1956ರ ಚಿತ್ರದಲ್ಲಿ ಹೆಂಡತಿ ದರೋಡೆಯಲ್ಲಿ ಸಾಯುತ್ತಾಳೆ. 1959ರದರಲ್ಲಿ ಅವಳನ್ನು ಮರಕ್ಕೆ ನೇಣು ಹಾಕಿದ್ದಾರೆ. 1960ರದರಲ್ಲಿ ಕಮಾಂಚಿ ಬುಡಕಟ್ಟಿನವರು ಎತ್ತಿಕೊಂಡು ಹೋಗಿ ಹತ್ತು ವರ್ಷ ಆಗಿದೆ. ಕೆಲವು ಮಾತುಗಳೂ ಒಂದರಿಂದ ಇನ್ನೊಂದಕ್ಕೆ ಹಾಗೇ ಬಂದಿವೆ.

ಆದರೆ ಇದನ್ನು ಸೋಮಾರಿತನ ಅನ್ನೋಕೆ ನನಗೆ ಮನಸ್ಸಿಲ್ಲ. ದುಡ್ಡು ಕಡಿಮೆ. ಶೂಟಿಂಗ್ ಎರಡೂವರೆ-ಮೂರು ವಾರ. 'ರೈಡ್ ಲೋನ್‌ಸಮ್' ಪೂರ್ತಿ 73 ನಿಮಿಷ, ಕುದುರೆ ಮೇಲೆ ಹೊರಟವರು ಐದೇ ಜನ. ನಮ್ಮ ಕಂಪನಿ ನಾಟಕದ ಕವಿಗಳು ಹೇಗೆ ಬರೆಯುತ್ತಿದ್ದರು? ಮಾಲೀಕರ ಹತ್ತಿರ ಯಾವ ಪರದೆ ಇದೆ, ಯಾವ ನಟ ಇದ್ದಾನೆ ಅಂತ ನೋಡಿಕೊಂಡೇ ಅಲ್ವಾ? ಕೆನಡಿ ಹುಟ್ಟಿದ್ದೂ ಅಂಥದ್ದೇ ಮನೆಯಲ್ಲಿ, 1922ರಲ್ಲಿ, ಮಿಷಿಗನ್ ರಾಜ್ಯದ ಮಸ್ಕೀಗನ್ ಊರಲ್ಲಿ. ಅಪ್ಪ-ಅಮ್ಮ ವಾಡ್‌ವಿಲ್ ರಂಗದಲ್ಲಿ, ಅಂದರೆ ಹಾಡು-ಕುಣಿತ-ಹಾಸ್ಯದ ತುಣುಕುಗಳ ಅಮೆರಿಕದ ರಂಗದಲ್ಲಿ, ಕುಣಿಯುವ ಜೋಡಿ, ಕೂಸಿದ್ದಾಗಲೇ ಇವರನ್ನೂ ಸ್ಟೇಜ್ ಹತ್ತಿಸಿದ್ದರು. ಆಮೇಲೆ ಮಹಾಯುದ್ಧದ ಸೈನ್ಯ, ರೇಡಿಯೋ ಬರವಣಿಗೆ, ಕೊನೆಗೆ ಹೆಸರಾಂತ ಹೀರೋ ಜಾನ್ ವೇಯ್ನ್ ಅವರ ಸಿನಿಮಾ ಕಂಪನಿ. ನೀವು ಹೇಳಿದ ಮೂರರಲ್ಲಿ ಮೊದಲನೇ ಚಿತ್ರ ಆ ಕಂಪನಿಯದೇ. ವೇಯ್ನ್‌ಗೆ ಬೇರೆ ಚಿತ್ರದ ಕೆಲಸ ಇತ್ತು, ಪಾತ್ರ ಸ್ಕಾಟ್‌ಗೆ ಹೋಯಿತು. ನಿರ್ದೇಶಕ ಬಡ್ ಬೆಟಿಕರ್.

ರೇಡಿಯೋಗೆ ಬರೆದವರಿಗೆ ಮಾತಿನಲ್ಲೇ ಎಲ್ಲ ತೋರಿಸುವ ಅಭ್ಯಾಸ. ಬೆಂಕಿ ಮುಂದೆ ಇಬ್ಬರು ಕೂತು ಕಾಫಿ ಕುಡಿಯುತ್ತಾ ಮಾತಾಡಿದರೆ ಖರ್ಚೇನು ಹೇಳಿ? ಅಲ್ಲೇ ಕೆನಡಿ ಗೆಲ್ಲುತ್ತಾರೆ. ಒಳ್ಳೆ ಮಾತೆಲ್ಲ ಕಳ್ಳನ ಬಾಯಿಗೆ ಕೊಡುತ್ತಾರೆ, ಹೀರೋ ಸುಮ್ನೆ ಕೂತಿರುತ್ತಾನೆ. ಇನ್ನೊಂದು ಚಿತ್ರ 'ದಿ ಟಾಲ್ ಟಿ' ಸಿಕ್ಕರೆ ನೋಡಿ, 1957ರದು, ಎಲ್ಮೋರ್ ಲೆನಾರ್ಡ್ ಅವರ ಕಥೆ. ಅದರಲ್ಲಿ ಕಳ್ಳರ ಮುಖ್ಯಸ್ಥನಿಗೆ ತನ್ನ ಜೊತೆ ಇರುವ ಹುಡುಗರನ್ನು ಕಂಡರೆ ಬೇಜಾರು. ತನಗೂ ಒಂದು ಸ್ವಂತ ಜಾಗ ಬೇಕು ಅಂತ ಆಸೆ. ಮಾತಾಡೋಕೆ ಒಬ್ಬ ಸರಿಯಾದ ಗಂಡಸು ಸಿಕ್ಕ ಅಂತ ಹೀರೋನನ್ನು ಕೊಲ್ಲದೆ ಇಟ್ಟುಕೊಳ್ಳುತ್ತಾನೆ, ಅದೇ ಅವನಿಗೆ ಮುಳುವಾಗುತ್ತದೆ.

ಇನ್ನು 'ರೈಡ್ ಲೋನ್‌ಸಮ್' ನೀವು ನೋಡಿದ್ದೀರಿ, ಹೇಳಿದರೆ ತಪ್ಪಿಲ್ಲ. ಹಿಡಿದ ಕೈದಿಯನ್ನು ಹೀರೋ ಇಷ್ಟು ನಿಧಾನವಾಗಿ ಯಾಕೆ ಕರೆದುಕೊಂಡು ಹೋಗುತ್ತಿದ್ದಾನೆ ಅಂತ ನಮಗೆ ಕಿರಿಕಿರಿ ಆಗುತ್ತಿರುತ್ತದೆ. ಅವನಿಗೆ ಬೇಕಾದವನು ಹಿಂದೆ ಬರುತ್ತಿರುವ ಕೈದಿಯ ಅಣ್ಣ! ಹೀರೋನ ಹೆಂಡತಿಯನ್ನು ಕೊಂದವನು ಆ ಅಣ್ಣನೇ. ಕೈದಿಯನ್ನು ಒಪ್ಪಿಸಿದರೆ ತಮಗೆ ಕ್ಷಮಾದಾನ ಸಿಗುತ್ತದೆ ಅಂತ ಬಂದ ಇಬ್ಬರು ಕಳ್ಳರನ್ನು ಕೆನಡಿ ಈ ಸಲ ಸಾಯಿಸುವುದಿಲ್ಲ, ಕೈದಿಯನ್ನು ಕೊಟ್ಟು ಕಳಿಸುತ್ತಾರೆ. ಮೂರರಲ್ಲಿ ನನಗೆ ಇದೇ ಜಾಸ್ತಿ ಇಷ್ಟ. ಅಂದ ಹಾಗೆ ಆ ಇಬ್ಬರಲ್ಲಿ ತೆಳ್ಳಗಿರುವವನು ಜೇಮ್ಸ್ ಕೋಬರ್ನ್, ಅವರಿಗೆ ಅದು ಮೊದಲ ಸಿನಿಮಾ.

1961ರಿಂದ ಕೆನಡಿ ತಾವೇ ನಿರ್ದೇಶಕರಾದರು. 'ಸಪೋರ್ಟ್ ಯುವರ್ ಲೋಕಲ್ ಶೆರಿಫ್' (1969) ಹೆಸರು ಮಾಡಿತು, ನಗಿಸುವ ಚಿತ್ರ. 2001ರಲ್ಲಿ ತೀರಿಕೊಂಡರು.

ಪ್ರಶ್ನೆ: ಈ ಸಿನಿಮಾಗಳಲ್ಲಿ ಬರುವ ಗುಂಡುಕಲ್ಲಿನ ಗುಡ್ಡ ಎಲ್ಲಿದೆ? ನಮ್ಮ ಕಪ್ಪತಗುಡ್ಡದ ನೆನಪಾಯಿತು.
– ಮುಂಡರಗಿಯ ಓದುಗರು

ಉತ್ತರ: ಕಪ್ಪತಗುಡ್ಡ ಹಸಿರು, ಔಷಧಿ ಗಿಡಗಳ ಗುಡ್ಡ. ಸಿನಿಮಾದ ಗುಡ್ಡ ನೋಡೋಕೆ ಹಂಪಿ ಕಡೆಯ ಬಂಡೆಗಳ ಹಾಗೆ. ಕ್ಯಾಲಿಫೋರ್ನಿಯಾದ ಲೋನ್ ಪೈನ್ ಊರಿನ ಪಕ್ಕದ ಅಲಬಾಮಾ ಹಿಲ್ಸ್. ಲಾಸ್ ಏಂಜಲೀಸ್‌ನಿಂದ ಒಂದೇ ದಿನದಲ್ಲಿ ಸಾಮಾನು ಸಾಗಿಸಬಹುದು, ಕಡಿಮೆ ದುಡ್ಡಿನವರಿಗೆ ಇನ್ನೇನು ಬೇಕು?

ಪ್ರಶ್ನೆ: ಸಣ್ಣ ಸಿನಿಮಾಕ್ಕೆ ಕಥೆ ಬರೆಯುತ್ತಿದ್ದೇನೆ. ಹೊಡೆದಾಟ ಎಷ್ಟು ಇರಬೇಕು?
– ಹಾವೇರಿಯ ಓದುಗರು

ಉತ್ತರ: ಮೊದಲು ನಿಮ್ಮ ವಿಲನ್‌ಗೆ ಸಂಜೆ ಹೊತ್ತು ಏನು ಬೇಕು ಅನ್ನಿಸುತ್ತದೆ, ಅದನ್ನು ಬರೆದು ಕಳಿಸಿ. ಹೊಡೆದಾಟ ಆಮೇಲೆ ನೋಡೋಣ.