ಚಾವಡಿಯ ಫೋಟೋ ಕೆಂಪಾಯ್ತು, ಆಲ್ಬಮಿನದ್ದು ಹಾಗೇ ಉಂಟು!

ಪ್ರಶ್ನೆ: ಅಪ್ಪ ಯಕ್ಷಗಾನದ ವೇಷದಲ್ಲಿರುವ ಫೋಟೋ ಒಂದನ್ನು ಎ4 ಸೈಜಿಗೆ ಪ್ರಿಂಟ್ ಹಾಕಿಸಿ ಚಾವಡಿಯಲ್ಲಿ ತೂಗು ಹಾಕಿದ್ದೆ, ಗ್ಲಾಸ್ ಇಲ್ಲದ ಫ್ರೇಮ್. ಎರಡು ಮಳೆಗಾಲ ಕಳೆಯುವಾಗ ಹಸುರು ದಗಲೆ ಹಳದಿಗೆ ತಿರುಗಿದೆ, ಮುಖ ಕೆಂಪು ಕೆಂಪು. ಅದೇ ದಿನ ಹಾಕಿಸಿದ ಇನ್ನೊಂದು ಕಾಪಿ ಆಲ್ಬಮಿನಲ್ಲಿ ಹೊಸದರ ಹಾಗೇ ಉಂಟು. ಸ್ಟುಡಿಯೋದವರು ಡೈ ಇಂಕಿನಷ್ಟು ಕಲರ್ ಬೇರೆದ್ರಲ್ಲಿ ಬರುದಿಲ್ಲ ಹೇಳ್ತಾರೆ, ಗೆಳೆಯ ಪಿಗ್ಮೆಂಟೇ ಹಾಕಿಸು ಹೇಳ್ತಾನೆ. ಯಾರದ್ದು ಸರಿ ಸರ್?
– ಓದುಗರು, ಮಲ್ಪೆ

ಉತ್ತರ: ಇಬ್ರದ್ದೂ ಸುಳ್ಳಲ್ಲ ಮಾರಾಯ್ರೆ, ಒಬ್ರು ಆಲ್ಬಮಿನ ಮಾತು ಹೇಳಿದ್ದು, ಇನ್ನೊಬ್ರು ಗೋಡೆಯದ್ದು. ಮೊದ್ಲು ಫ್ರೇಮ್ ಬಿಚ್ಚಿ ಬೀಡಿಂಗಿನ ಅಡಿಗಿದ್ದ ಅಂಚು ನೋಡಿ. ಅಲ್ಲಿ ಸಪೂರಕ್ಕೆ ಒಂದು ಪಟ್ಟಿ ಹಳೇ ಬಣ್ಣ ಉಳಿದಿದ್ರೆ ಮತ್ತೆ ಅನುಮಾನ ಬೇಡ, ಗಾಳಿ ಬೆಳಕು ತಾಗಿಯೇ ಹೋದದ್ದು.

ಡೈ ಅಂದ್ರೆ ನೀರಲ್ಲಿ ಸಕ್ಕರೆ ಕರಗಿದ ಹಾಗೆ, ಪೇಪರಿನ ಕೋಟಿಂಗಿನ ಒಳಗೆ ಇಳೀತದೆ, ಹಾಗಾಗಿ ಗ್ಲಾಸಿ ಪೇಪರಿನಲ್ಲಿ ಕೆಂಪು, ನೀಲಿ ಎಲ್ಲ ಮಿಂಚ್ತದೆ. ಪಿಗ್ಮೆಂಟ್ ಗೋಡೆಗೆ ಬಳಿಯುವ ಸುಣ್ಣದ ನೀರಿನ ಹಾಗೆ, ಅತಿ ಸಣ್ಣ ಪುಡಿ ಮೇಲೆ ಕೂತ್ಕೊಳ್ತದೆ. ಪುಡಿಯ ಹೊರಪದರ ಸವೆದ್ರೂ ಒಳಗೆ ಬಣ್ಣ ಉಳೀತದೆ, ಡೈಗೆ ಆ ರಕ್ಷಣೆ ಇಲ್ಲ, ಬೆಳಕು ಮತ್ತೆ ಗಾಳಿಯಲ್ಲಿರುವ ಓಝೋನ್ ನೇರ ಹೊಡೀತದೆ. ಅದ್ರಲ್ಲೂ ಬೇಗ ಒಣಗುವ ಮೈಕ್ರೋಪೋರಸ್ ಪೇಪರಾದ್ರೆ ಕೇಳುದೇ ಬೇಡ, ಮೈಯೆಲ್ಲ ತೂತು. ನಿಮ್ಮದ್ರಲ್ಲಿ ಮೊದ್ಲು ಹೋದದ್ದು ಸಯಾನ್, ಅಂದ್ರೆ ತಿಳಿನೀಲಿ ಇಂಕ್. ಹಸುರಿನಿಂದ ಸಯಾನ್ ತೆಗೆದ್ರೆ ಉಳಿಯುದು ಹಳದಿ ತಾನೇ?

ಪಿಗ್ಮೆಂಟ್ ಅಂದ್ರೆ ಮಂಕು ಅನ್ನುದು ಹಳೇ ಮಾತು, ಈಗ ವ್ಯತ್ಯಾಸ ತುಂಬ ಕಮ್ಮಿ. ಮ್ಯಾಟ್ ಪೇಪರಿನಲ್ಲಿ ಪಿಗ್ಮೆಂಟಿನ ಕಪ್ಪು ಡೈಯದ್ದಕ್ಕಿಂತ ಗಟ್ಟಿ ಬರ್ತದೆ. ಗ್ಲಾಸಿಯಲ್ಲಿ ಮಾತ್ರ ಫೋಟೋ ಓರೆ ಹಿಡಿದ್ರೆ ಕಪ್ಪು ಜಾಗದಲ್ಲಿ ತಾಮ್ರದ ಹಾಗೆ ಹೊಳಪು ಕಾಣುದುಂಟು, ಕ್ಯಾನನ್ ಪ್ರೊ-300 ಅನ್ನುವ ಪಿಗ್ಮೆಂಟ್ ಪ್ರಿಂಟರಿನಲ್ಲಿ ಅದಕ್ಕೇ ಬಣ್ಣವಿಲ್ಲದ ಇನ್ನೊಂದು ಇಂಕ್ ಕೊಟ್ಟಿದ್ದಾರೆ. ಅದ್ರ ಜೊತೆಯ ಪ್ರೊ-200 ಡೈ. ನಮ್ಮ ಕಡೆ ಸ್ಟುಡಿಯೋಗಳಲ್ಲಿ ಕಾಣುವ ಎಪ್ಸನ್ ಎಲ್805 ಕೂಡ ಡೈಯೇ, ಆರು ಬಣ್ಣ. ಅದಕ್ಕೆ ಕಂಪೆನಿ ಇಂಕ್ ಬಿಟ್ಟು ಲೀಟರ್ ಲೆಕ್ಕದ ಅಗ್ಗದ್ದು ತುಂಬಿಸಿದ್ರೆ ಎಷ್ಟು ವರ್ಷ ಬರ್ತದೆ ಅಂತ ನನ್ನತ್ರ ಕೇಳ್ಬೇಡಿ.

ಚಾವಡಿಗೆ ಪಿಗ್ಮೆಂಟೇ ಹಾಕಿಸಿ, ಮ್ಯಾಟಿನಲ್ಲಿ. ಒಂದು ದಿನ ಬಿಟ್ಟು ಗ್ಲಾಸ್ ಹಾಕಿ, ಆದ್ರೆ ಮಧ್ಯೆ ಮೌಂಟ್ ಬೋರ್ಡ್, ಅಂದ್ರೆ ಫೋಟೋದ ಸುತ್ತ ಕೂರುವ ದಪ್ಪ ರಟ್ಟು, ಇರ್ಲಿ, ಇಲ್ಲದಿದ್ರೆ ಆಟಿಯ ತೇವಕ್ಕೆ ಫೋಟೋ ಗ್ಲಾಸಿಗೇ ಅಂಟ್ತದೆ, ಕೀಳ್ಲಿಕ್ಕೆ ಹೋದ್ರೆ ಅಪ್ಪನ ಕಿರೀಟ ಗ್ಲಾಸಲ್ಲಿ. ಮತ್ತೆ ಫೈಲ್ ವಾಟ್ಸಾಪಿನದ್ದು ಕೊಡ್ಬೇಡಿ, ಒರಿಜಿನಲ್ಲೇ ಕೊಡಿ.