ಬ್ರೇಕ್ ಹಾಕಿದರೆ ಹಳೇ ಲಾರಿ ಎಡಕ್ಕೆ ಎಳೆಯುತ್ತದೆ, ಯಾಕೆ?

ಬ್ರೇಕ್ ಹಾಕಿದಾಗ ಮಾತ್ರ ಎಡಕ್ಕೆ ಎಳೆಯುತ್ತದಾ? ಹಾಗಾದರೆ ಮೊದಲು ಬಲಗಡೆಯ ಮುಂದಿನ ಚಕ್ರ ನೋಡಿ. ಗಾಡಿ ಎಳೆಯುವುದು ಬ್ರೇಕ್ ಜಾಸ್ತಿ ಹಿಡಿಯುವ ಕಡೆಗೇ ಅಲ್ವಾ? ಸ್ವಲ್ಪ ದೂರ ಓಡಿಸಿ, ನಾಲ್ಕೈದು ಸಲ ಬ್ರೇಕ್ ಹಾಕಿ ನಿಲ್ಲಿಸಿ. ಚಕ್ರದ ಒಳಗಿನ ಬ್ರೇಕ್ ಡ್ರಮ್ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ, ಸುಡುತ್ತದೆ. ಬಲಗಡೆ ತಣ್ಣಗಿದ್ದರೆ ಅಲ್ಲಿ ಬ್ರೇಕ್ ಹಿಡಿಯುತ್ತಿಲ್ಲ. ಚಕ್ರದ ನಡುವೆ ಗ್ರೀಸ್ ತಡೆಯುವ ಹಬ್ ಸೀಲ್ ಸೋರಿ, ಡ್ರಮ್‌ಗೆ ಉಜ್ಜಿ ಬ್ರೇಕ್ ಹಿಡಿಯುವ ಲೈನರ್‌ಗೆ ಗ್ರೀಸ್ ತಾಗಿರಬಹುದು. ಏರ್ ಬ್ರೇಕ್ ಆದರೆ ಬ್ರೇಕ್ ಬಿಗಿ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಸಡಿಲವಾಗಿರಬಹುದು. ಗ್ರೀಸ್ ಕುಡಿದ ಲೈನರನ್ನು ಸುಮ್ನೆ ಒರೆಸಿ ಹಾಕಬೇಡಿ, ಎರಡೂ ಕಡೆ ಹೊಸದು ಹಾಕಿಸಿ.

ಬ್ರೇಕ್ ಹಾಕದೆಯೂ ಎಳೆದರೆ ಟೈರ್ ಗಾಳಿ, ಅಲೈನ್‌ಮೆಂಟ್, ಪಟ್ಟಾ (ಸ್ಪ್ರಿಂಗ್ ಪಟ್ಟಿ) ನೋಡಿಸಿ. ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಪಿನ್) ಮೇಲೆ ಅನುಮಾನವಿದ್ದರೆ ಜ್ಯಾಕ್ ಹಾಕಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಬ್ರೇಕ್ ಒತ್ತಿ ಹಿಡಿದಾಗಲೂ ಅಲ್ಲಾಡಿದರೆ ಕಿಂಗ್‌ಪಿನ್ ಸವೆದಿದೆ, ಅಲ್ಲಾಡುವುದು ನಿಂತರೆ ಚಕ್ರದ ಬೇರಿಂಗ್ ಸಡಿಲ.