ಪ್ಲಗಿನ್ ಹಾಕಿದೆ, ರೀಪರ್‌ನಲ್ಲಿ ಕಾಣ್ತಿಲ್ಲ!

ಪ್ರಶ್ನೆ: ಭಜನಾ ಪದಗಳನ್ನು ವಿಂಡೋಸ್ 10ರ ಲ್ಯಾಪ್‌ಟಾಪಿನಲ್ಲಿ ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಬಳಸಿ ರೆಕಾರ್ಡ್ ಮಾಡುತ್ತೇವೆ. ಹಾರ್ಮೋನಿಯಂ ದನಿ ತಿದ್ದಲು ಉಚಿತ ಈಕ್ಯೂ (ಈಕ್ವಲೈಜರ್) ಪ್ಲಗಿನ್, ಅಂದರೆ ರೀಪರ್‌ಗೆ ಸೇರಿಸುವ ಪೂರಕ ತಂತ್ರಾಂಶ, ಇಳಿಸಿಕೊಂಡೆವು. ಎಫ್‌ಎಕ್ಸ್ (ಎಫೆಕ್ಟ್‌ಗಳ) ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ. ಏನು ಮಾಡಬೇಕು?
– ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಅದು ಇನ್ನೂ ಡೌನ್‌ಲೋಡ್ಸ್‌ನ ಜಿಪ್‌ನೊಳಗೇ ಕುಳಿತಿದೆಯೇ ನೋಡಿ, ಬಹಳ ಸಲ ಎಡವಟ್ಟು ಅಲ್ಲೇ. ಬಿಚ್ಚಿದ ಮೇಲೆ ಹೆಸರಿನ ಬಾಲ ಗಮನಿಸಿ. ‘ವಿಎಸ್‌ಟಿ3’ (ವಿಎಸ್‌ಟಿ ಎಂಬುದು ಪ್ಲಗಿನ್‌ಗಳ ಒಂದು ಮಾದರಿ) ಎಂದಿದ್ದರೆ ಅದರ ಸಾಮಾನ್ಯ ಜಾಗ: ಸಿ ಡ್ರೈವ್, ಪ್ರೋಗ್ರಾಂ ಫೈಲ್ಸ್, ಕಾಮನ್ ಫೈಲ್ಸ್, ವಿಎಸ್‌ಟಿ3. ಕೆಲವು ಫೋಲ್ಡರ್ ರೂಪದಲ್ಲೇ ಬರುತ್ತವೆ. ಇಡಿಯಾಗಿ ಕಾಪಿ ಮಾಡಿ, ಒಳಗಿನದನ್ನು ಕೀಳಬೇಡಿ. ‘ಡಿಎಲ್‌ಎಲ್’ ಆದರೆ ಹಳೆಯ ವಿಎಸ್‌ಟಿ2. ಅದಕ್ಕೆ ನಿಗದಿತ ಮನೆಯಿಲ್ಲ, ನೀವಿಟ್ಟ ಫೋಲ್ಡರನ್ನು ರೀಪರ್‌ಗೆ ತೋರಿಸಬೇಕು. ‘ಕಾಂಪೊನೆಂಟ್’ ಎಂದಿದ್ದರೆ ಮ್ಯಾಕ್‌ನದ್ದು, ಅಳಿಸಿಬಿಡಿ.

ಈಗ ಕಂಟ್ರೋಲ್-ಪಿ ಒತ್ತಿ, ಪ್ಲಗಿನ್ಸ್ ಕೆಳಗಿನ ವಿಎಸ್‌ಟಿ ಪುಟದಲ್ಲಿ ಫೋಲ್ಡರ್ ಸೇರಿಸಿ, ರೀ-ಸ್ಕ್ಯಾನ್ ಗುಂಡಿಯಲ್ಲಿ ‘ಕ್ಲಿಯರ್ ಕ್ಯಾಶ್’ ಇರುವ ಆಯ್ಕೆಯನ್ನೇ ಒತ್ತಿ. ಒಮ್ಮೆ ಸೋತ ಪ್ಲಗಿನ್ನನ್ನು ರೀಪರ್ ನೆನಪಿಟ್ಟುಕೊಂಡು ಮತ್ತೆ ಮುಟ್ಟುವುದಿಲ್ಲ. ಆ ನೆನಪನ್ನೇ ಒರೆಸಬೇಕು.

ಆಗಲೂ ಬರದಿದ್ದರೆ ಮೈಕ್ರೋಸಾಫ್ಟ್‌ನ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್, ಅಂದರೆ ಹಲವು ಪ್ಲಗಿನ್‌ಗಳು ನಡೆಯಲು ಬೇಕಾದ ಪೂರಕ ಫೈಲುಗಳ ಕಂತೆ, 64 ಬಿಟ್‌ನದ್ದು, ಹಾಕಿ ಮತ್ತೆ ಸ್ಕ್ಯಾನ್ ಮಾಡಿ. 32 ಬಿಟ್ ಪ್ಲಗಿನ್ ಆದರೆ ರೀಪರ್ ಹೇಗೋ ಸೇತುವೆ ಕಟ್ಟಿ ನಡೆಸುತ್ತದೆ. ಇನ್ನೊಂದು ರೆಕಾರ್ಡಿಂಗ್ ತಂತ್ರಾಂಶವಾದ ಕ್ಯೂಬೇಸ್‌ನಲ್ಲಿ 2016ರ 9ನೇ ಆವೃತ್ತಿಯಿಂದೀಚೆಗೆ ಆ ಔದಾರ್ಯ ಇಲ್ಲ.